ಬನ್ನಿ ಅಂತ ಕರೆಯೋ ಮೊದಲು

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಮ್ಮ ಸೀನಿಯರ್‌ಗಳು ಹೇಗಿರ್ತಾರೆ ಅಂತ ನೋಡಿದ್ದೀರಲ್ಲ? ಇಸ್ತ್ರಿ ಮಾಡಿದ ಶರ್ಟು, ನಾಲ್ಕು ಸಲ ತಿದ್ದಿದ ರೆಸ್ಯೂಮೆ, ಬಾಯಿಪಾಠ ಮಾಡಿದ ಇಂಟ್ರೊಡಕ್ಷನ್ನು. ಕೆಲವು ದೇಶಗಳೂ ರಾಜ್ಯಗಳೂ ವರ್ಷವಿಡೀ ಇದೇ ಅವಸ್ಥೆಯಲ್ಲಿರುತ್ತವೆ. ಅವರ ಎದುರಿಗೆ ಕೂತಿರೋದು ಕಂಪನಿ ಎಚ್‌ಆರ್ ಅಲ್ಲ, ವಿದೇಶಿ ಬಂಡವಾಳದಾರರು. "ನಮ್ಮಲ್ಲಿ ಜಾಗ ಇದೆ, ನೀರಿದೆ, ಕಡಿಮೆ ಸಂಬಳಕ್ಕೆ ಜನ ಇದ್ದಾರೆ, ತೆರಿಗೆ ಬಿಟ್ಟುಕೊಡ್ತೀವಿ, ದಯವಿಟ್ಟು ಬನ್ನಿ" ಅನ್ನೋದು ಅವರ ರೆಸ್ಯೂಮೆ.

ಹೀಗೆ ಕರೆಯೋದು ತಪ್ಪು ಅಂತ ನಾವು ಹೇಳ್ತಿಲ್ಲ. ಹಾಗೆ ಹೇಳೋದು ಬೂಟಾಟಿಕೆ ಆಗುತ್ತೆ. ಇಂಜಿನಿಯರಿಂಗ್ ಸೇರಿರೋದೇ ಯಾವುದಾದರೂ ಒಳ್ಳೆ ಕಂಪನಿಗೆ ಹೋಗೋಕೆ, ಅದರಲ್ಲಿ ಅರ್ಧಕ್ಕರ್ಧ ಕಂಪನಿಗಳು ಹೊರಗಿನವೇ. ನಾವು ಕೇಳೋ ಪ್ರಶ್ನೆ ಬೇರೆ. ಕರೆಯೋ ಮೊದಲು ಮನೇಲಿ ಏನೇನು ತಯಾರಾಗಿರಬೇಕು? ಬಂದವರಿಗೆ ಯಾವ ಕೋಣೆ ತೋರಿಸಬೇಕು, ಯಾವ ಬಾಗಿಲಿಗೆ ಬೀಗ ಹಾಕಿರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟಾ ರಿಕಾ ಒಳ್ಳೆ ಉದಾಹರಣೆ. ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದು, ಜನಸಂಖ್ಯೆ ಸುಮಾರು 50 ಲಕ್ಷ. ಗುಡ್ಡ, ಮಳೆ, ಕಾಡು, ಕಾಫಿ. ಫೋಟೋ ನೋಡಿದರೆ ಸಕಲೇಶಪುರ ಅಂತ ಯಾರಾದರೂ ಮೋಸ ಹೋಗಬಹುದು. ಆನೇಮಹಲ್, ಸಕಲೇಶಪುರ, ಆಲೂರು ಕಡೆಯಿಂದ ಬಂದ ನಮ್ಮಂಥವರಿಗೆ ಈ ದೇಶದ ಬಗ್ಗೆ ಕುತೂಹಲ ಹುಟ್ಟಿದ್ದೇ ಅದಕ್ಕೆ. ನಮ್ಮ ಥರಾನೇ ಕಾಫಿ ಬೆಳೆಯೋ ಗುಡ್ಡಗಾಡಿನವರು ಚಿಪ್ ಕಂಪನಿಯನ್ನ ಹೇಗೆ ಕರೆತಂದರು?

1996ರ ನವೆಂಬರ್‌ನಲ್ಲಿ ಇಂಟೆಲ್, ತನ್ನ ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆಯ ಘಟಕವನ್ನ ಕೋಸ್ಟಾ ರಿಕಾದಲ್ಲಿ ಕಟ್ಟುತ್ತೇವೆ ಅಂತ ಘೋಷಿಸಿತು. 1998ರಲ್ಲಿ ಉತ್ಪಾದನೆ ಶುರುವಾಯ್ತು. ಬ್ರೆಜಿಲ್, ಮೆಕ್ಸಿಕೋ, ಚಿಲಿಯಂಥ ದೊಡ್ಡ ದೇಶಗಳು ಪೈಪೋಟಿಯಲ್ಲಿದ್ದವು. ಹಾಗಾದರೆ ಈ ಚಿಕ್ಕ ದೇಶ ಗೆದ್ದದ್ದು ಹೇಗೆ? ತೆರಿಗೆ ರಿಯಾಯಿತಿ ಕೊಟ್ಟಿದ್ದು ನಿಜ. ಆದರೆ ರಿಯಾಯಿತಿ ಯಾರು ಬೇಕಾದರೂ ಕೊಡಬಹುದು. ಕೋಸ್ಟಾ ರಿಕಾ ಹತ್ತಿರ ಅದಕ್ಕಿಂತ ಹಳೇ ಆಸ್ತಿ ಇತ್ತು. 1869ರಲ್ಲೇ ಪ್ರಾಥಮಿಕ ಶಿಕ್ಷಣವನ್ನ ಉಚಿತ, ಕಡ್ಡಾಯ ಮಾಡಿದ ದೇಶ ಅದು. 1948ರಲ್ಲಿ ಸೇನೆಯನ್ನೇ ರದ್ದು ಮಾಡಿತು. ಬಂದೂಕಿಗೆ ಹೋಗ್ತಿದ್ದ ದುಡ್ಡು ಶಾಲೆ ಮತ್ತು ಆಸ್ಪತ್ರೆ ಕಡೆ ತಿರುಗಿತು. ವಿದ್ಯುತ್ತಿನ ಬಹುಪಾಲು ನೀರು, ಗಾಳಿ, ಭೂಶಾಖದಿಂದಲೇ ಬರುತ್ತೆ. ಇಂಟೆಲ್‌ನವರು "ನಿಮ್ಮಲ್ಲಿ ಟೆಕ್ನಿಷಿಯನ್‌ಗಳು ಸಾಲಲ್ಲ" ಅಂದಾಗ ಸರ್ಕಾರ ಅಲ್ಲಿನ ತಾಂತ್ರಿಕ ಸಂಸ್ಥೆಗಳ ಜೊತೆ ಕೂತು ಹೊಸ ಸರ್ಟಿಫಿಕೇಟ್ ಕೋರ್ಸುಗಳನ್ನೇ ಶುರು ಮಾಡಿತು. ಅಂದರೆ ಕಂಪನಿಗೆ ಜಾಗ ಹುಡುಕಿದ ಹಾಗೇ ಹುಡುಗರಿಗೆ ಕ್ಲಾಸ್‌ರೂಮನ್ನೂ ಹುಡುಕಿದರು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಅದು ಲಿಂಕ್ಡ್‌ಇನ್ ಪೋಸ್ಟ್ ಆಗುತ್ತೆ. ಮುಂದಿನದ್ದನ್ನೂ ನೋಡಬೇಕು. ಕೆಲವೇ ವರ್ಷಗಳಲ್ಲಿ ದೇಶದ ರಫ್ತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಟೆಲ್ ಒಂದರಿಂದಲೇ ಬರೋ ಹಾಗಾಯ್ತು. ಒಂದು ಕಂಬಕ್ಕೆ ಇಡೀ ಮನೆ ಒರಗಿಸಿದ ಹಾಗೆ. 2014ರ ಏಪ್ರಿಲ್‌ನಲ್ಲಿ ಇಂಟೆಲ್ "ಈ ಕೆಲಸ ಏಷ್ಯಾಕ್ಕೆ ಹೋಗ್ತಾ ಇದೆ" ಅಂದಿತು. ಸುಮಾರು 1,500 ಕೆಲಸ ಹೋಯ್ತು. ಕೆಲವು ವರ್ಷ ಬಿಟ್ಟು ಮತ್ತೆ ಘಟಕ ತೆರೆದರು. 2025ರ ಜುಲೈನಲ್ಲಿ ಮತ್ತೆ ಅದೇ ಮಾತು: ಜೋಡಣೆ ಮತ್ತು ಪರೀಕ್ಷೆ ವಿಯೆಟ್ನಾಂ, ಮಲೇಷ್ಯಾಕ್ಕೆ ಸ್ಥಳಾಂತರ. ಬಂಡವಾಳಕ್ಕೆ ಊರು ಇರಲ್ಲ, ಲೆಕ್ಕ ಮಾತ್ರ ಇರುತ್ತೆ. ಬಂದಾಗ ಆರತಿ ಎತ್ತಿದ್ದಕ್ಕೆ ಅದು ಹೋಗುವಾಗ ತಿರುಗಿ ನೋಡಲ್ಲ.

ಆದರೂ ಕೋಸ್ಟಾ ರಿಕಾ ಕುಸಿದು ಬೀಳಲಿಲ್ಲ. ಯಾಕಂದ್ರೆ ಇಂಟೆಲ್‌ಗಾಗಿ ತಯಾರಾದ ಜನ ಅಲ್ಲೇ ಇದ್ದರು. ಅಷ್ಟರಲ್ಲಿ ವೈದ್ಯಕೀಯ ಉಪಕರಣ ಮಾಡೋ ಕಂಪನಿಗಳು ಬಂದಿದ್ದವು. ಇವತ್ತು ಅದೇ ಆ ದೇಶದ ಅತಿ ದೊಡ್ಡ ರಫ್ತು. ಇಂಟೆಲ್‌ನ ಇಂಜಿನಿಯರಿಂಗ್ ವಿನ್ಯಾಸದ ವಿಭಾಗವೂ ಅಲ್ಲೇ ಉಳೀತು. ಯಂತ್ರಗಳನ್ನ ಕಂಟೇನರ್‌ಗೆ ತುಂಬಿಸಿ ಕಳಿಸಬಹುದು, ಕಲಿತ ವಿದ್ಯೆಯನ್ನ ತುಂಬಿಸೋಕಾಗಲ್ಲ.

ಇನ್ನೊಂದು ವಿಷಯ. ಆ ದೇಶ "ಬನ್ನಿ" ಅಂದಷ್ಟೇ ಗಟ್ಟಿಯಾಗಿ ಕೆಲವು ಕಡೆ "ಬೇಡ" ಅಂತಲೂ ಹೇಳಿದೆ. ಇಂಟೆಲ್ ಬಂದ ಅದೇ 1996ರಲ್ಲಿ ಮಾಡಿದ ಅರಣ್ಯ ಕಾನೂನು, ಕಾಡನ್ನ ಬೇರೆ ಉಪಯೋಗಕ್ಕೆ ಬದಲಾಯಿಸೋದನ್ನ ನಿಷೇಧಿಸಿತು. ಬರೀ ನಿಷೇಧ ಅಲ್ಲ, ಜಮೀನಿನಲ್ಲಿ ಕಾಡು ಉಳಿಸಿಕೊಂಡ ಮಾಲೀಕನಿಗೆ ಸರ್ಕಾರ ದುಡ್ಡು ಕೊಡೋ ವ್ಯವಸ್ಥೆಯೂ ಬಂತು; ಅದಕ್ಕೆ ಹಣ ಬರೋದು ಮುಖ್ಯವಾಗಿ ಪೆಟ್ರೋಲ್ ಡೀಸೆಲ್ ತೆರಿಗೆಯಿಂದ. 2010ರಲ್ಲಿ ತೆರೆದ ಗಣಿಗಾರಿಕೆಯನ್ನ ಸಂಸತ್ತೇ ನಿಷೇಧಿಸಿತು. ಒಂದು ಕಾಲಕ್ಕೆ ಬೋಳಾಗ್ತಾ ಬಂದಿದ್ದ ದೇಶದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಭಾಗ ಕಾಡಿದೆ. ಇದರಿಂದ ಬಂಡವಾಳ ಓಡಿ ಹೋಯ್ತಾ? ಇಲ್ಲ. ಆ ಕಾಡನ್ನ ನೋಡೋಕೇ ಪ್ರವಾಸಿಗರು ಬರ್ತಾರೆ.

ಪಕ್ಕದ ಮನೆಗಳ ಕಥೆ ಬೇರೆ. ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನನ್ನ ಅಧಿಕೃತ ಹಣ ಮಾಡಿತು. ಪ್ರಪಂಚದ ಕ್ರಿಪ್ಟೋ ದುಡ್ಡೆಲ್ಲ ನಮ್ಮಲ್ಲಿಗೆ ಹರಿದು ಬರುತ್ತೆ ಅನ್ನೋ ಲೆಕ್ಕ. ನಮ್ಮ ಹಾಸ್ಟೆಲ್‌ಗಳಲ್ಲಿ ಕ್ರಿಪ್ಟೋ ಬಗ್ಗೆ ಭಾಷಣ ಮಾಡೋರಿಗೆ ಇದು ಗೊತ್ತಿರುತ್ತೆ. 2025ರ ಜನವರಿಯಲ್ಲಿ ಐಎಂಎಫ್ ಸಾಲಕ್ಕಾಗಿ ಅದೇ ಕಾನೂನನ್ನ ತಿದ್ದಿ, ವ್ಯಾಪಾರಿಗಳು ಬಿಟ್‌ಕಾಯಿನ್ ತಗೊಳ್ಳಲೇಬೇಕು ಅನ್ನೋ ಕಡ್ಡಾಯವನ್ನ ತೆಗೆದು ಹಾಕಬೇಕಾಯ್ತು. ಹೊಂಡುರಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. 2013ರಲ್ಲಿ ಮಾಡಿದ ಕಾನೂನಿನ ಪ್ರಕಾರ ವಿದೇಶಿ ಹೂಡಿಕೆದಾರರು ತಮ್ಮದೇ ನಿಯಮ, ತಮ್ಮದೇ ಆಡಳಿತ ಇರೋ ವಲಯಗಳನ್ನ ಕಟ್ಟಬಹುದಿತ್ತು. ಜನ ಸಿಟ್ಟಾದರು, ಹೊಸ ಸರ್ಕಾರ 2022ರಲ್ಲಿ ಕಾನೂನು ರದ್ದು ಮಾಡಿತು. ಆಗ ರೊವಾಟನ್ ದ್ವೀಪದ ಪ್ರಾಸ್ಪೆರಾ ಅನ್ನೋ ವಲಯದ ಕಂಪನಿ 1,000 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಯ್ತು. ಕರೆಯುವಾಗ ಬಾಯಿಗೆ ಬಂದ ಮಾತು ಕೊಟ್ಟರೆ ಮುಂದಿನ ತಲೆಮಾರು ಬಿಲ್ ಕಟ್ಟಬೇಕಾಗುತ್ತೆ.

ಈಗ ನಮ್ಮ ಕಡೆ ಬರೋಣ. ಹೂಡಿಕೆದಾರರ ಸಮಾವೇಶ ನಮಗೂ ಹೊಸದಲ್ಲ. 2000, 2010, 2012, 2016, 2022, 2025 ಹೀಗೆ ಸರ್ಕಾರ ಯಾವ ಪಕ್ಷದ್ದಾದರೂ ಸಮಾವೇಶ ಮಾತ್ರ ತಪ್ಪಿಲ್ಲ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ನಡೆದ ಇನ್ವೆಸ್ಟ್ ಕರ್ನಾಟಕದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು ಅಂತ ಸರ್ಕಾರ ಹೇಳಿತು. ಕೇಳೋಕೆ ಚೆನ್ನಾಗಿದೆ. ಆದರೆ ಒಡಂಬಡಿಕೆ ಅನ್ನೋದು ಆಫರ್ ಲೆಟರ್ ಕೂಡ ಅಲ್ಲ, "ನಿಮ್ಮ ಪ್ರೊಫೈಲ್ ಚೆನ್ನಾಗಿದೆ, ತಿಳಿಸ್ತೀವಿ" ಅನ್ನೋ ಮಾತು ಅಷ್ಟೇ.

2010ರ ಸಮಾವೇಶವನ್ನೇ ತಗೊಳ್ಳಿ. ಕೊರಿಯಾದ ಪೋಸ್ಕೊ 32,336 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಸಹಿ ಹಾಕಿತು. ಜಾಗ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತಮುತ್ತ. ಫಲವತ್ತಾದ ಎರೆಭೂಮಿ ಬಿಡಲ್ಲ ಅಂತ ರೈತರು ಎದ್ದು ನಿಂತರು, ಗದಗದ ತೋಂಟದಾರ್ಯ ಮಠದ ಸ್ವಾಮೀಜಿ ಬೆಂಬಲಕ್ಕೆ ನಿಂತರು, 2013ರಲ್ಲಿ ಕಂಪನಿ ವಾಪಸ್ ಹೋಯ್ತು. ಬಳ್ಳಾರಿ ಜಿಲ್ಲೆಯ ಕುಡತಿನಿಯದ್ದು ಇದಕ್ಕಿಂತ ಬೇಸರದ ಕಥೆ. ಅಲ್ಲಿ ಉಕ್ಕಿನ ಕಾರ್ಖಾನೆಗೆ ಅಂತ ರೈತರ ಜಮೀನು ಹೋಯ್ತು, ಆರ್ಸೆಲರ್ ಮಿತ್ತಲ್ ಕಾರ್ಖಾನೆ ಬರಲಿಲ್ಲ. ಜಮೀನೂ ಇಲ್ಲ, ಕೆಲಸವೂ ಇಲ್ಲ. ಮೊನ್ನೆ ಮೊನ್ನೆ 2025ರ ಜುಲೈ 15ರಂದು, ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತ ಮೇಲೆ, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನ ಸರ್ಕಾರ ಕೈಬಿಟ್ಟಿತು. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್ "ನಮ್ಮಲ್ಲಿ ಜಾಗ ರೆಡಿ ಇದೆ, ಇಲ್ಲಿಗೆ ಬನ್ನಿ" ಅಂತ ವಿಮಾನ ಉದ್ಯಮದವರಿಗೆ ಕರೆ ಕೊಟ್ಟರು. ಅಣ್ಣ ತಮ್ಮಂದಿರ ಮನೆಗಳೇ ಹೀಗೆ ಪೈಪೋಟಿಗೆ ಬಿದ್ದರೆ ಬೆಲೆ ಇಳಿಯೋದು ಯಾರದ್ದು ಅಂತ ಹೇಳಬೇಕಾಗಿಲ್ಲ.

ಕೋಸ್ಟಾ ರಿಕಾಕ್ಕೂ ನಮಗೂ ವ್ಯತ್ಯಾಸ ಇರೋದು ಇಲ್ಲೇ. ನಾವು ಹೂಡಿಕೆ ಅಂದ ತಕ್ಷಣ ಮೊದಲು ಎಕರೆ ಲೆಕ್ಕ ಹಾಕ್ತೀವಿ. ಜನರ ಲೆಕ್ಕ ಕೊನೆಗೆ ಬರುತ್ತೆ.

ಸಕಲೇಶಪುರದ ಗುಡ್ಡಗಳಿಗೂ ಹೂಡಿಕೆದಾರರು ಹೊಸಬರಲ್ಲ. ಮಂಜರಾಬಾದ್ ಅಂತಿದ್ದ ಕಾಲದಲ್ಲಿ, 1843ರಲ್ಲಿ, ಗ್ರೀನ್ ಅನ್ನೋ ಇಂಗ್ಲಿಷಿನವನು ಇಲ್ಲಿ ಕಾಫಿ ತೋಟ ಶುರು ಮಾಡಿದ. ಅವನ ಹಿಂದೆ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ತೋಟದ ಬದುಕಿನ ಬಗ್ಗೆ ಪುಸ್ತಕಗಳನ್ನೇ ಬರೆದ. ಬೆಳ್ಳಗಿನವರ ದುಡ್ಡು, ನಮ್ಮ ಗುಡ್ಡ, ನಮ್ಮ ಜನರ ಬೆನ್ನು. ಆದರೆ ಇಲ್ಲಿನ ರೈತರು ನೋಡಿ ಕಲಿತರು, ತಾವೂ ಗಿಡ ಹಾಕಿದರು. ಇವತ್ತು ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಸಣ್ಣ ಬೆಳೆಗಾರರವು. ವಿದ್ಯೆ ಉಳಿಯುತ್ತೆ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಸಾಕ್ಷಿ.

ಬಾಗಿಲು ಈಗ ಮತ್ತೆ ತೆರೆದಿದೆ. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಫಿ, ರಬ್ಬರ್, ಏಲಕ್ಕಿ ತೋಟಗಳಲ್ಲಿ 100ಕ್ಕೆ 100 ವಿದೇಶಿ ನೇರ ಹೂಡಿಕೆಗೆ ಅವಕಾಶ ಕೊಟ್ಟಿತು. ಅದಕ್ಕೆ ಮೊದಲು ಈ ಅವಕಾಶ ಚಹಾ ತೋಟಕ್ಕೆ ಮಾತ್ರ ಇತ್ತು. ನಮ್ಮ ರಾಜ್ಯದ ಭೂಸುಧಾರಣೆ ಕಾಯ್ದೆಯ ಮಿತಿಯಿಂದ ಕಾಫಿ ತೋಟಗಳಿಗೆ ಮೊದಲಿನಿಂದಲೂ ವಿನಾಯಿತಿ ಇದೆ. ಅಂದರೆ ಎಷ್ಟು ದೊಡ್ಡ ತೋಟ ಬೇಕಾದರೂ ಒಂದೇ ಕೈಗೆ ಹೋಗಬಹುದು. ಈ ವಿಷಯ ನಮ್ಮ ಊರಿನ ಎಷ್ಟು ಮನೆಗಳಲ್ಲಿ ಚರ್ಚೆ ಆಗಿದೆ?

ನಮ್ಮ ಕಡೆ ಹೂಡಿಕೆ ಅಂದರೆ ಇದುವರೆಗೆ ಕಂಡಿರೋದು ಹೆಚ್ಚಾಗಿ ಮೂರು ಥರದ್ದು. ಒಂದು, ಹಳ್ಳ ಹೊಳೆಗಳ ಮೇಲೆ ಕಿರು ಜಲವಿದ್ಯುತ್ ಯೋಜನೆಗಳು. ಎರಡು, ವ್ಯೂ ಸಿಗೋ ಗುಡ್ಡದ ತುದಿಯಲ್ಲೆಲ್ಲ ರೆಸಾರ್ಟುಗಳು. ಮೂರು, ಸರ್ಕಾರದ್ದೇ ದೊಡ್ಡ ಯೋಜನೆಗಳು. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅವಕಾಶ ಕೊಡಬಾರದು ಅಂತ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಹೇಳಿತು. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ನಮ್ಮ ತಾಲೂಕಿನಲ್ಲೇ ಉದ್ಘಾಟನೆ ಆಯ್ತು. ಅದರ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದೆ. ಬಯಲುಸೀಮೆಯ ಗೆಳೆಯರಿಗೆ ಕುಡಿಯೋ ನೀರು ಬೇಕು, ಅದನ್ನ ಬೇಡ ಅನ್ನೋ ಮನಸ್ಸು ನಮಗಿಲ್ಲ. ಆದರೆ ಅಷ್ಟು ದುಡ್ಡು ಹರಿದ ಜಾಗದಲ್ಲಿ ಒಬ್ಬ ಸ್ಥಳೀಯ ಹುಡುಗನಿಗೆ ಉಳಿದ ವಿದ್ಯೆ ಯಾವುದು ಅಂತ ಕೇಳಿದರೆ ಉತ್ತರ ಸಿಗಲ್ಲ. ಅಗೆದದ್ದು ನಮ್ಮ ಗುಡ್ಡ, ಪಂಪ್ ಬಂದಿದ್ದು ಬೇರೆ ಕಡೆಯಿಂದ, ನಡೆಸೋರು ಬೇರೆ.

ಈ ಗುಡ್ಡಗಳು ಎಷ್ಟು ಭಾರ ತಡೀತವೆ ಅನ್ನೋದೂ ಪ್ರಶ್ನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಸಿವಿಲ್‌ನವರು ನೋಡಲೇಬೇಕಾದ ದಾರಿ. 2018ರಲ್ಲೂ 2024ರಲ್ಲೂ ಮಳೆಗಾಲದಲ್ಲಿ ಗುಡ್ಡ ಕುಸಿದು ಅದೇ ದಾರಿ ದಿನಗಟ್ಟಲೆ ಮುಚ್ಚಿತು. ಶಿರಾಡಿ ಘಾಟಿಯ ಕಥೆ ಪ್ರತಿ ಜುಲೈನಲ್ಲಿ ಪೇಪರಿನಲ್ಲಿ ಬರುತ್ತೆ. ಆನೆಗಳ ವಿಷಯವಂತೂ ಹೇಳಲೇಬೇಕಿಲ್ಲ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದು ನಮ್ಮ ಯಸಳೂರು ಭಾಗದಲ್ಲೇ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ತೋಟಕ್ಕೆ ಹೋದ ಕೂಲಿಯವರು ಸಂಜೆ ವಾಪಸ್ ಬರ್ತಾರೋ ಇಲ್ಲವೋ ಅಂತ ಲೈನ್ ಮನೆಗಳಲ್ಲಿ ಕಾಯೋದು ಇಲ್ಲಿ ದಿನನಿತ್ಯದ ಮಾತು. ಇನ್ನೊಂದು ಗುಡ್ಡ ಕೆತ್ತಿ ಇನ್ನೊಂದು ಈಜುಕೊಳ ಕಟ್ಟಿದರೆ ಆನೆ ಎಲ್ಲಿಗೆ ಹೋಗಬೇಕು? ನೇರ ಲೈನ್ ಮನೆಯ ಅಂಗಳಕ್ಕೆ.

"ಹಾಗಾದ್ರೆ ಏನೂ ಬೇಡ್ವಾ? ನಿಮಗೆ ಪರಿಸರ, ನಮಗೆ ಕೆಲಸ" ಅಂತ ಯಾರಾದರೂ ಕೇಳಿದರೆ ಆ ಸಿಟ್ಟು ನ್ಯಾಯವೇ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂದಾಗಲೆಲ್ಲ ನಮ್ಮ ಮನೆಗಳಲ್ಲೇ ವಿರೋಧ ಎದ್ದಿದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನ ತಿರಸ್ಕರಿಸಿತು. ದೆಹಲಿಯಲ್ಲಿ ಕೂತವರು ನಕ್ಷೆ ಮೇಲೆ ಗೆರೆ ಎಳೆದು "ಇನ್ಮೇಲೆ ಇದು ಮಾಡಬೇಡಿ, ಅದು ಮಾಡಬೇಡಿ" ಅಂದರೆ ಯಾವ ರೈತ ಒಪ್ತಾನೆ? ಕೋಸ್ಟಾ ರಿಕಾ "ಕಡಿಬೇಡ" ಅನ್ನೋದರ ಜೊತೆಗೆ ಚೆಕ್ ಕೂಡ ಕೊಟ್ಟಿತು. ನಮ್ಮ ಬೆಳೆಗಾರರು ನೆರಳಿಗೆ ಅಂತ ನಂದಿ, ಹೊನ್ನೆ, ಹಲಸು, ಅತ್ತಿ ಉಳಿಸಿಕೊಂಡು ಬಂದಿದ್ದಾರೆ. ಅದರ ಬುಡದಲ್ಲಿ ನಿಂತ ನೀರು ಕೆಳಗೆ ಹೇಮಾವತಿಗೆ ಹೋಗುತ್ತೆ. ಇದಕ್ಕೆ ಅವರಿಗೆ ಸಿಗೋದು ಏನು? ಸಿಲ್ವರ್ ಓಕ್ ಹಾಕಿದರೆ ಒಂದಿಷ್ಟು ವರ್ಷಕ್ಕೆ ಕಡಿದು ಮಾರಬಹುದು ಅನ್ನೋ ಲೆಕ್ಕ ಗೆದ್ದರೆ ಅದು ರೈತನ ತಪ್ಪಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಈ ಗುಡ್ಡಗಳಿಗೆ ಬಂಡವಾಳ ಬೇಕು. ಆದರೆ ಗುಡ್ಡ ಕೊಳ್ಳೋ ಬಂಡವಾಳ ಅಲ್ಲ, ಗುಡ್ಡದ ಮೇಲೆ ಈಗಾಗಲೇ ಇರೋ ಕೆಲಸದ ಬೆಲೆ ಏರಿಸೋ ಬಂಡವಾಳ.

ಕಾಫಿಯನ್ನೇ ನೋಡಿ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೀತು. ಅದು ಏರೋದೂ ಇಳಿಯೋದೂ ನಮ್ಮ ಕೈಯಲ್ಲಿಲ್ಲ. ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿ ಮಾರೋವರೆಗೆ ಮಾತ್ರ ನಮ್ಮ ಪಾಲು. ಹುರಿಯೋದು, ಪ್ಯಾಕ್ ಮಾಡೋದು, ಹೆಸರಿಡೋದು, ಲಾಭ ಮಾಡೋದು ಹೆಚ್ಚಾಗಿ ಬೇರೆಯವರು. 2019ರಲ್ಲಿ ಐದು ಭಾರತೀಯ ಕಾಫಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೊಡಗು ಇತ್ತು, ಚಿಕ್ಕಮಗಳೂರು ಇತ್ತು, ಬಾಬಾಬುಡನ್‌ಗಿರಿ, ವಯನಾಡು, ಅರಕು ಇದ್ದವು. ಮಂಜರಾಬಾದ್ ಇರಲಿಲ್ಲ. ಕೋಸ್ಟಾ ರಿಕಾದ ಸಣ್ಣ ರೈತರು ಸ್ವಂತ ಪಲ್ಪಿಂಗ್ ಘಟಕ ಹಾಕಿಕೊಂಡು ತಮ್ಮ ತೋಟದ ಹೆಸರಲ್ಲೇ ಹೊರದೇಶಕ್ಕೆ ಮಾರ್ತಾರೆ. ನಮ್ಮ ಕಾಫಿ ಯಾವ ಕಪ್ಪಿನಲ್ಲಿ ಯಾವ ಹೆಸರಲ್ಲಿ ಕರಗಿ ಹೋಗುತ್ತೋ ನಮಗೇ ಗೊತ್ತಾಗಲ್ಲ.

ಹೂಡಿಕೆದಾರರ ಸಮಾವೇಶಕ್ಕೆ ಹಾಸನ ಜಿಲ್ಲೆಯ ಕಡೆಯಿಂದ ಒಂದು ಪಟ್ಟಿ ಹೋಗೋದಾದರೆ ನಾವು ಬರೆಯೋದು ಹೀಗೆ: ಸಣ್ಣ ಬೆಳೆಗಾರರು ಸೇರಿ ನಡೆಸೋ ಹುರಿಯುವ ಘಟಕಕ್ಕೆ ದುಡ್ಡು. ಅಕಾಲ ಮಳೆಗೆ ಕಣದಲ್ಲಿ ಕಾಫಿ ಹಾಳಾಗೋದನ್ನ ತಪ್ಪಿಸೋ ಡ್ರೈಯರ್, ಮೆಕ್ಯಾನಿಕಲ್‌ನವರು ಕೇಳಿಸಿಕೊಳ್ಳಿ. ಪಲ್ಪರ್ ನೀರು ಹಳ್ಳಕ್ಕೆ ಬಿಡದ ಹಾಗೆ ಕಡಿಮೆ ಖರ್ಚಿನ ಶುದ್ಧೀಕರಣ. ಇದು ಕೆಮಿಕಲ್, ಸಿವಿಲ್‌ನವರಿಗೆ. ಕುಸಿಯೋ ಗುಡ್ಡ ಮತ್ತು ಬರೋ ಆನೆ ಎರಡನ್ನೂ ಮೊದಲೇ ತಿಳಿಸೋ ಸೆನ್ಸರ್ ಜಾಲ. ಇದು ಇಸಿ, ಸಿಎಸ್‌ನವರಿಗೆ. ಇದೆಲ್ಲ ಕಲಿಸೋಕೆ ತಾಲೂಕಿನಲ್ಲೇ ಒಂದು ಗಟ್ಟಿ ತಾಂತ್ರಿಕ ಕೇಂದ್ರ. ಬಂದ ಕಂಪನಿ ಹೋದರೂ ಇವು ಹೋಗಲ್ಲ. ಜೊತೆಗೆ ಲೈನ್ ಮನೆಯವರ ಮಕ್ಕಳ ಓದಿಗೆ ಏನು ಕೊಡ್ತೀರಿ ಅನ್ನೋದು ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು, ಕೊನೆಗೆ ಫೋಟೋ ತೆಗೆಸಿಕೊಳ್ಳೋ ಸಿಎಸ್‌ಆರ್ ಆಗಿ ಅಲ್ಲ.

ಕೊನೇದಾಗಿ ನಮ್ಮ ಸಂಘಕ್ಕೇ ಸಂಬಂಧಪಟ್ಟ ಮಾತು. ಯೋಜನೆಗಳ ಪರಿಸರ ಪರಿಣಾಮದ ವರದಿ ಬರೋದು ಇಂಗ್ಲಿಷಿನಲ್ಲಿ. 2006ರ ಅಧಿಸೂಚನೆ ಪ್ರಕಾರ ಊರಿನ ಭಾಷೆಯಲ್ಲಿ ಕೊಡಬೇಕಾದ್ದು ಸಾರಾಂಶ ಮಾತ್ರ. 2020ರಲ್ಲಿ ಆ ಅಧಿಸೂಚನೆಯನ್ನೇ ಬದಲಾಯಿಸೋ ಕರಡು ಬಂದಾಗ, ಕನ್ನಡದಂಥ ಭಾಷೆಗಳಲ್ಲಿ ಜನರಿಗೆ ತಲುಪಿಸದೆ ಅಂತಿಮಗೊಳಿಸಬಾರದು ಅಂತ ನಮ್ಮ ಹೈಕೋರ್ಟೇ ತಡೆಯಬೇಕಾಯ್ತು. ಜಮೀನು ಯಾರದ್ದೋ ಅವರಿಗೆ ಅರ್ಥ ಆಗದ ಭಾಷೆಯಲ್ಲಿ ಜಮೀನಿನ ಹಣೆಬರಹ ಬರೆದರೆ ಅದನ್ನ ಒಪ್ಪಿಗೆ ಅನ್ನೋಕಾಗುತ್ತಾ?

ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಅಪ್ಪ ಅಮ್ಮ ಕಾಫಿ ಮಾರಿ ಫೀಸು ಕಟ್ಟಿ ಕಲಿಸಿದ ಇಂಗ್ಲಿಷು ಅದು. ಇನ್ನೂರು ಪುಟದ ಡಿಪಿಆರ್ ಓದಿ, ಅದರಲ್ಲಿರೋ ಕ್ಯೂಸೆಕ್, ಮೆಗಾವಾಟ್, ಎಕರೆಗಳನ್ನ ಊರಿನ ಜಗಲಿ ಮೇಲೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳೋಕೆ ನಮಗಿಂತ ಸರಿಯಾದವರು ಯಾರಿದ್ದಾರೆ? ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿ ಆರ್ಕೆಸ್ಟ್ರಾ ಮಾಡೋದರ ಜೊತೆಗೆ, ಈ ಸೆಮಿಸ್ಟರ್ ರಜೆಯಲ್ಲಿ ಕನ್ನಡ ಸಂಘದ ಪ್ರತಿಯೊಬ್ಬರೂ ತಮ್ಮ ತಾಲೂಕಿನ ಒಂದು ಯೋಜನೆಯ ವರದಿ ಹುಡುಕಿ, ನಾಲ್ಕು ಪುಟ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡೋಣ. ಸಕಲೇಶಪುರ ತಾಲೂಕಿನದ್ದು ನಾವು ಮಾಡ್ತೀವಿ. ಉಳಿದ ತಾಲೂಕುಗಳಿಗೆ ಹೆಸರು ಕೊಡೋರು ಸಂಘದ ಗ್ರೂಪಿನಲ್ಲಿ ಮೆಸೇಜ್ ಹಾಕಿ.